ತಂದೆ-ತಾಯಿ ಇಲ್ಲದ ಮೊಮ್ಮಕ್ಕಳಿಗೆ ಅಜ್ಜ-ಅಜ್ಜಿ ಕಾನೂನುಬದ್ಧ ಗಾರ್ಡಿಯನ್ ಆಗಲು ಅರ್ಜಿ ಎಲ್ಲಿ, ಹೇಗೆ?

ಹೊಂಗೆನೆರಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಒಂದು ಕುಟುಂಬಕ್ಕಾಗಿ ಕಾಗದಪತ್ರ ಹೊಂದಿಸುತ್ತಿದ್ದೇನೆ. ವಕೀಲರ ಹತ್ತಿರ ಹೋಗುವ ಮೊದಲು ಕೆಲವು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು.

ಮಕ್ಕಳು ಇಬ್ಬರು: 12 ವರ್ಷದ ಹುಡುಗಿ, 5 ವರ್ಷದ ಹುಡುಗ. ತಂದೆ ಮೊದಲು ತೀರಿಕೊಂಡರು, ಮರುವರ್ಷ ತಾಯಿ. ಅಂದಿನಿಂದ ಮಕ್ಕಳು ತಾಯಿಯ ತವರಿನಲ್ಲೇ ಇದ್ದಾರೆ, ಅಲ್ಲೇ ಶಾಲೆ. ಅಜ್ಜನಿಗೆ 67, ಪಿಂಚಣಿ ಬರುತ್ತದೆ. ಅಜ್ಜಿಗೆ 61. ತಂದೆಯ ಸ್ವಂತ ದುಡಿಮೆಯ ಒಂದು ಸೈಟು, ಅವರ ಹೆಸರಿನ ಎಫ್‌ಡಿ, ಒಂದು ಎಲ್‌ಐಸಿ ಪಾಲಿಸಿ ಮತ್ತು ಪಿಎಫ್ ಬಾಕಿ ಇವೆ. ತಂದೆಯ ತಾಯಿ ಬದುಕಿದ್ದಾರೆ, ಬೇರೆ ಜಿಲ್ಲೆಯಲ್ಲಿ ಮಕ್ಕಳ ಚಿಕ್ಕಪ್ಪನ ಜೊತೆಗಿದ್ದಾರೆ. ಅವರ ಕಡೆಯಿಂದ ತಕರಾರು ಎಂದು ಯಾರೂ ಬಾಯಿಬಿಟ್ಟು ಹೇಳಿಲ್ಲ, ಒಪ್ಪಿಗೆಯನ್ನೂ ಕೊಟ್ಟಿಲ್ಲ. ಹಿಂದೂ ಕುಟುಂಬ.

ಸ್ಟ್ಯಾಂಪ್ ಪೇಪರ್ ಮೇಲೆ "ಗಾರ್ಡಿಯನ್ ಕರಾರು" ಬರೆಸಿ ನೋಟರಿ ಮಾಡಿಸಲಾಗಿದೆ. ಬ್ಯಾಂಕಿನವರು ಅದನ್ನು ಒಪ್ಪುತ್ತಿಲ್ಲ.

1. ಆ ನೋಟರಿ ಕಾಗದಕ್ಕೆ ಬೆಲೆ ಇದೆಯೇ?
2. ಅರ್ಜಿ ಫ್ಯಾಮಿಲಿ ಕೋರ್ಟಿಗೋ, ಜಿಲ್ಲಾ ನ್ಯಾಯಾಲಯಕ್ಕೋ? ಇಬ್ಬರು ಮಕ್ಕಳಿಗೂ ಒಂದೇ ಅರ್ಜಿ ಸಾಕೇ?
3. ಅಜ್ಜನೊಬ್ಬರೇ ಹಾಕಬೇಕೇ, ಅಜ್ಜಿಯನ್ನೂ ಸೇರಿಸಬೇಕೇ?
4. ಓದಿನ ಖರ್ಚಿಗೆ ಸೈಟು ಮಾರುವ ಯೋಚನೆ ಇದೆ. ಗಾರ್ಡಿಯನ್ ಆದೇಶ ಬಂದ ಮೇಲೆ ಮಾರಬಹುದೇ?
5. 67 ವರ್ಷ ಎಂಬ ಕಾರಣಕ್ಕೆ ಅರ್ಜಿ ಬಿದ್ದುಹೋಗುತ್ತದೆಯೇ?

ಕಟಕಟೆ

ಹೊಂಗೆನೆರಳು ಅವರೇ, ಮೊದಲು ನೋಟರಿ ಕಾಗದದ ವಿಷಯ. ಅದರಿಂದ ಯಾರೂ ಗಾರ್ಡಿಯನ್ ಆಗುವುದಿಲ್ಲ. ಹಿಂದೂ ಮೈನರಿಗೆ ಸಹಜ ಗಾರ್ಡಿಯನ್ ಎಂದರೆ ತಂದೆ-ತಾಯಿ ಮಾತ್ರ. ಅವರು ವಿಲ್‌ನಲ್ಲಿ ಯಾರನ್ನಾದರೂ ಹೆಸರಿಸಿದ್ದರೆ ಅವರು ಗಾರ್ಡಿಯನ್ ಆಗಬಹುದು. ಇವೆರಡೂ ಇಲ್ಲದಿದ್ದರೆ ಉಳಿಯುವುದು ಕೋರ್ಟ್ ನೇಮಕ ಒಂದೇ. ಅಜ್ಜ-ಅಜ್ಜಿ ಎಷ್ಟು ವರ್ಷ ಸಾಕಿದ್ದರೂ ಕಾನೂನಿನ ಕಣ್ಣಿಗೆ ಅವರು ವಾಸ್ತವದಲ್ಲಿ ಮಗುವನ್ನು ನೋಡಿಕೊಳ್ಳುತ್ತಿರುವವರು, ಅಷ್ಟೇ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಗಾರ್ಡಿಯನ್‌ಶಿಪ್ ಕಾಯ್ದೆಯ 11ನೇ ಕಲಂ ಪ್ರಕಾರ ಅಂಥವರು ಮೈನರಿನ ಆಸ್ತಿಯನ್ನು ಮುಟ್ಟುವಂತಿಲ್ಲ. ಬ್ಯಾಂಕಿನವರು ಕಾಗದ ಒಪ್ಪದಿದ್ದುದು ಸರಿಯೇ. ತಂದೆ-ತಾಯಿ ವಿಲ್ ಬರೆದಿದ್ದರೇ ಎಂದು ಅವರ ಪೆಟ್ಟಿಗೆ, ಲಾಕರು, ಉಪನೋಂದಣಾಧಿಕಾರಿ ಕಚೇರಿ ಎಲ್ಲ ಕಡೆ ಒಮ್ಮೆ ಹುಡುಕಿ ನೋಡಿ. ಅರ್ಜಿಯಲ್ಲಿ ಆ ಪ್ರಶ್ನೆಗೂ ಉತ್ತರ ಬರೆಯಬೇಕಾಗುತ್ತದೆ.

ಗಾರ್ಡಿಯನ್ ನೇಮಕದಲ್ಲಿ ಎರಡು ಬಗೆ. ಒಂದು ಮಗುವಿನ ಶರೀರಕ್ಕೆ, ಅಂದರೆ ಪಾಲನೆ, ಓದು, ಆರೋಗ್ಯ. ಇನ್ನೊಂದು ಮಗುವಿನ ಆಸ್ತಿಗೆ. ಎರಡನ್ನೂ ನಿಯಂತ್ರಿಸುವುದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಆದರೆ ಕೋರ್ಟ್ ಬೇರೆಯಾಗುತ್ತದೆ. 1984ರ ಫ್ಯಾಮಿಲಿ ಕೋರ್ಟ್ ಕಾಯ್ದೆಯ 7ನೇ ಕಲಂ ಫ್ಯಾಮಿಲಿ ಕೋರ್ಟಿಗೆ ಕೊಟ್ಟಿರುವುದು ಮಗುವಿನ ಶರೀರದ ಗಾರ್ಡಿಯನ್‌ಶಿಪ್, ಸುಪರ್ದಿ (ಮಗುವನ್ನು ತಮ್ಮ ಬಳಿ ಇಟ್ಟುಕೊಳ್ಳುವ ಹಕ್ಕು) ಮತ್ತು ಭೇಟಿಯ ವಿಚಾರ. ಆಸ್ತಿಯ ಗಾರ್ಡಿಯನ್‌ಶಿಪ್ ಅಲ್ಲಿ ಸೇರಿಲ್ಲ. ನಿಮ್ಮ ಭಾಗಕ್ಕೆ ಫ್ಯಾಮಿಲಿ ಕೋರ್ಟ್ ಇದ್ದರೆ ಶರೀರದ ಅರ್ಜಿ ಅಲ್ಲಿ, ಆಸ್ತಿಯದು ಜಿಲ್ಲಾ ನ್ಯಾಯಾಲಯದಲ್ಲಿ, ಹೀಗೆ ಎರಡು ಹಾಕುವುದೇ ಸುರಕ್ಷಿತ. ಎರಡನ್ನೂ ಫ್ಯಾಮಿಲಿ ಕೋರ್ಟಿನಲ್ಲೇ ಕೇಳಿ, ತಿಂಗಳುಗಟ್ಟಲೆ ನಡೆದ ಮೇಲೆ ಆಸ್ತಿಯ ಭಾಗ ಅಧಿಕಾರ ವ್ಯಾಪ್ತಿಯ ಪ್ರಶ್ನೆಯಲ್ಲಿ ಸಿಕ್ಕಿಬೀಳುವುದು ಬೇಡ. ಫ್ಯಾಮಿಲಿ ಕೋರ್ಟ್ ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯಕ್ಕೆ ಒಂದೇ ಅರ್ಜಿ ಸಾಕು.

ಯಾವ ಊರಿನ ಕೋರ್ಟು ಎಂಬುದನ್ನು 1890ರ ಕಾಯ್ದೆಯ 9ನೇ ಕಲಂ ಹೇಳುತ್ತದೆ (ಮುಂದೆ ಕಾಯ್ದೆಯ ಹೆಸರಿಲ್ಲದೆ ಬರುವ ಕಲಮುಗಳೆಲ್ಲ ಇದೇ ಕಾಯ್ದೆಯವು). ಶರೀರದ ವಿಷಯಕ್ಕೆ ಮಗು ಸಾಮಾನ್ಯವಾಗಿ ವಾಸಿಸುವ ಜಾಗದ ಕೋರ್ಟು. ಆಸ್ತಿಗಾದರೆ ಮಗು ವಾಸಿಸುವ ಜಾಗದ್ದು ಅಥವಾ ಆಸ್ತಿ ಇರುವ ಜಾಗದ್ದು. ಅರ್ಜಿ ಹಾಕುವುದಕ್ಕೆಂದೇ ಮಗುವನ್ನು ಹೊಸ ಊರಿಗೆ ಕರೆತಂದರೆ ಅದು ಸಾಮಾನ್ಯ ವಾಸ ಆಗುವುದಿಲ್ಲ. ನಿಮ್ಮ ವಿಷಯದಲ್ಲಿ ಶಾಲೆಯ ವ್ಯಾಸಂಗ ಪ್ರಮಾಣಪತ್ರವೇ ಗಟ್ಟಿ ದಾಖಲೆ.

ಒಡಹುಟ್ಟಿದವರಿಗೆ ಸಾಮಾನ್ಯವಾಗಿ ಒಂದೇ ಅರ್ಜಿ ನಡೆಯುತ್ತದೆ. ಆದರೆ ಪ್ರತಿ ಮಗುವಿನ ವಿವರ ಬೇರೆ ಬೇರೆ ಬರೆಯಬೇಕು. 10ನೇ ಕಲಂ ಕೇಳುವ ವಿವರ ಇಷ್ಟು: ಹೆಸರು, ಲಿಂಗ, ಧರ್ಮ, ಹುಟ್ಟಿದ ದಿನ, ವಾಸ, ಆಸ್ತಿ ಯಾವುದು, ಎಲ್ಲಿದೆ, ಅಂದಾಜು ಬೆಲೆ, ಮಗು ಈಗ ಯಾರ ಬಳಿ ಇದೆ, ಹತ್ತಿರದ ಸಂಬಂಧಿಗಳು ಯಾರು, ಎಲ್ಲಿದ್ದಾರೆ, ಹಿಂದೆ ಯಾರನ್ನಾದರೂ ಗಾರ್ಡಿಯನ್ ಮಾಡಲಾಗಿದೆಯೇ, ಬೇರೆ ಕೋರ್ಟಿಗೆ ಅರ್ಜಿ ಹೋಗಿತ್ತೇ, ಗಾರ್ಡಿಯನ್ ಆಗಬಯಸುವವರ ಅರ್ಹತೆ, ಅರ್ಜಿಗೆ ಕಾರಣ.

ಇದರ ಜೊತೆಗೆ ಒಂದು ಕಾಗದ ಪದೇ ಪದೇ ಬಿಟ್ಟುಹೋಗುತ್ತದೆ. "ಗಾರ್ಡಿಯನ್ ಆಗಲು ನನಗೆ ಒಪ್ಪಿಗೆ ಇದೆ" ಎಂಬ ಘೋಷಣೆ, ಅದಕ್ಕೆ ಗಾರ್ಡಿಯನ್ ಆಗುವವರ ಸಹಿ, ಕೆಳಗೆ ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ. 10ನೇ ಕಲಮಿನ 3ನೇ ಉಪಕಲಂ ಇದನ್ನು ಕಡ್ಡಾಯ ಮಾಡಿದೆ. ಅರ್ಜಿದಾರರೇ ಗಾರ್ಡಿಯನ್ ಆಗುವವರು, ಮತ್ತೆ ಒಪ್ಪಿಗೆ ಏಕೆ ಎಂದುಕೊಂಡು ಬಿಡುತ್ತಾರೆ. ಅರ್ಜಿ ಕೋರ್ಟ್ ಕಚೇರಿಯ ಆಕ್ಷೇಪಣೆಯೊಂದಿಗೆ ವಾಪಸ್ ಬರುತ್ತದೆ.

ನಿಮ್ಮ 3ನೇ ಪ್ರಶ್ನೆಗೆ ನನ್ನ ಉತ್ತರ ಖಡಾಖಂಡಿತ: ಇಬ್ಬರೂ ಸೇರಿ ಹಾಕಿ. 15ನೇ ಕಲಂ ಜಂಟಿ ಗಾರ್ಡಿಯನ್‌ಗಳಿಗೆ ಅವಕಾಶ ಕೊಡುತ್ತದೆ. 38ನೇ ಕಲಂ ಪ್ರಕಾರ ಜಂಟಿಯಲ್ಲಿ ಒಬ್ಬರು ತೀರಿಕೊಂಡರೆ ಉಳಿದವರು ಗಾರ್ಡಿಯನ್ ಆಗಿಯೇ ಮುಂದುವರಿಯುತ್ತಾರೆ. ಅಜ್ಜನೊಬ್ಬರ ಹೆಸರಿನಲ್ಲಿ ಆದೇಶ ಪಡೆದು ನಾಳೆ ಅವರಿಗೆ ಏನಾದರೂ ಆದರೆ ಅಧಿಕಾರ ಅಲ್ಲಿಗೇ ನಿಂತಿತು. ಅಜ್ಜಿ ಮತ್ತೆ ಮೊದಲಿನಿಂದ ಅರ್ಜಿ ಹಾಕಬೇಕು, ಅಷ್ಟರಲ್ಲಿ ಮಕ್ಕಳ ಖಾತೆ ಸ್ಥಗಿತ. ಕೋರ್ಟ್ ನೇಮಿಸಿದ ಗಾರ್ಡಿಯನ್ ತನ್ನ ವಿಲ್‌ನಲ್ಲಿ "ನನ್ನ ನಂತರ ಇಂಥವರು" ಎಂದು ಬರೆದರೂ ನಡೆಯುವುದಿಲ್ಲ. 5 ವರ್ಷದ ಹುಡುಗನಿಗೆ 18 ತುಂಬುವಾಗ ಅಜ್ಜನಿಗೆ 80 ಆಗಿರುತ್ತದೆ. ಮಕ್ಕಳ ಸೋದರಮಾವನೋ ಚಿಕ್ಕಮ್ಮನೋ ಒಪ್ಪಿದರೆ ಅವರನ್ನೂ ಮೂರನೆಯವರಾಗಿ ಸೇರಿಸುವುದು ಇನ್ನೂ ಒಳ್ಳೆಯದು.

ದಫ್ತರ

ಆಸ್ತಿಯ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ತಕರಾರು ಹುಟ್ಟುವುದು ಇಲ್ಲೇ.

ಸೈಟು ಮಕ್ಕಳದ್ದು ಎಂದು ಎಲ್ಲರೂ ಹೇಳುತ್ತಿರಬಹುದು. ಪೂರ್ತಿ ಮಕ್ಕಳದ್ದಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ವಿಲ್ ಇಲ್ಲದೆ ತೀರಿಕೊಂಡ ಗಂಡಸಿನ ಸ್ವಂತ ಆಸ್ತಿಗೆ ಮೊದಲ ದರ್ಜೆ ವಾರಸುದಾರರು ಹೆಂಡತಿ, ಮಕ್ಕಳು ಮತ್ತು ತಾಯಿ. ತಂದೆ ಮೊದಲು ತೀರಿಕೊಂಡಾಗ ನಾಲ್ಕು ಸಮ ಪಾಲಾಯಿತು: ಹೆಂಡತಿ, ಮಗಳು, ಮಗ, ತಾಯಿ. ಮರುವರ್ಷ ಹೆಂಡತಿ ತೀರಿಕೊಂಡಾಗ ಅವರ ಕಾಲು ಪಾಲು ಇಬ್ಬರು ಮಕ್ಕಳಿಗೆ ಬಂತು. ಹಾಗಾಗಿ ಈಗ ಪ್ರತಿ ಮಗುವಿಗೆ ಎಂಟರಲ್ಲಿ ಮೂರು ಪಾಲು, ಮಕ್ಕಳ ಅಪ್ಪನ ತಾಯಿಗೆ ಎಂಟರಲ್ಲಿ ಎರಡು ಪಾಲು. ತಾಯಿಯೇ ಮೊದಲು ತೀರಿಕೊಂಡಿದ್ದರೆ ಲೆಕ್ಕ ಬೇರೆ ಇರುತ್ತಿತ್ತು, ಮೂವರಿಗೂ ಮೂರನೇ ಒಂದೊಂದು. ಒಂದೇ ಅಪಘಾತದಲ್ಲಿ ಇಬ್ಬರೂ ಹೋಗಿ ಯಾರು ಮೊದಲು ಎಂದು ಗೊತ್ತಾಗದಿದ್ದರೆ ಕಿರಿಯರು ಹಿರಿಯರ ನಂತರ ಬದುಕಿದ್ದರು ಎಂದೇ ಆ ಕಾಯ್ದೆಯ 21ನೇ ಕಲಂ ಊಹಿಸುತ್ತದೆ. ಆದ್ದರಿಂದ ಎರಡೂ ಮರಣ ಪ್ರಮಾಣಪತ್ರಗಳಲ್ಲಿ ದಿನಾಂಕ ಸರಿಯಾಗಿದೆಯೇ ನೋಡಿಕೊಳ್ಳಿ.

ಅರ್ಜಿಯ ಆಸ್ತಿ ಷೆಡ್ಯೂಲಿನಲ್ಲಿ (ಆಸ್ತಿಯ ಪಟ್ಟಿಯಲ್ಲಿ) "ಇಡೀ ಸೈಟು ಮೈನರುಗಳದ್ದು" ಎಂದು ಬರೆದರೆ ಅಪ್ಪನ ತಾಯಿ ಅದೊಂದನ್ನೇ ಹಿಡಿದು ಆಕ್ಷೇಪಣೆ ಹಾಕಬಹುದು. ನಿಜವಾದ ಪಾಲನ್ನೇ ಬರೆಯಿರಿ. ಅವರನ್ನು ಎದುರುದಾರರನ್ನಾಗಿ ಸೇರಿಸಿ, ಹೆಸರು ವಿಳಾಸ ಪೂರ್ತಿ ಕೊಡಿ. ಅವರಿಗೆ ತಿಳಿಯದ ಹಾಗೆ ಆದೇಶ ಪಡೆಯುವುದು ಸುಲಭ ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ಹತ್ತಿರದ ಸಂಬಂಧಿಯನ್ನು ಮರೆಮಾಚಿ ಪಡೆದ ಆದೇಶವನ್ನು ಅವರು ನಂತರ ಪ್ರಶ್ನಿಸಬಹುದು, ಗಾರ್ಡಿಯನ್ ಅನ್ನು ತೆಗೆಯಿರಿ ಎಂದು 39ನೇ ಕಲಮಿನಡಿ ಅರ್ಜಿಯನ್ನೂ ಹಾಕಬಹುದು. ಒಪ್ಪಿಗೆ ಇದ್ದರೆ ಅಫಿಡವಿಟ್ ರೂಪದಲ್ಲಿ ಬರೆಸಿ ಹಾಜರುಪಡಿಸಿ, ಕೆಲಸ ಬೇಗ ಆಗುತ್ತದೆ.

ಇಲ್ಲಿ ಇನ್ನೊಂದು ಅಂಶ. ಅಪ್ಪನ ತಾಯಿಯೇ ಗಾರ್ಡಿಯನ್ ಆಗಲು ಅರ್ಜಿ ಹಾಕಿದ್ದರೆ, ಅದೇ ಸೈಟಿನಲ್ಲಿ ಅವರಿಗೂ ಪಾಲು ಇರುವುದರಿಂದ ಮಕ್ಕಳ ಹಿತಕ್ಕೂ ಅವರ ಹಿತಕ್ಕೂ ಘರ್ಷಣೆ ಇದೆಯೇ ಎಂದು ಕೋರ್ಟ್ ನೋಡುತ್ತಿತ್ತು. ತಾಯಿಯ ತಂದೆ-ತಾಯಿಗೆ ಆ ಸೈಟಿನಲ್ಲಿ ಪಾಲಿಲ್ಲ. ಅದನ್ನು ಅರ್ಜಿಯಲ್ಲಿ ಒಂದು ವಾಕ್ಯದಲ್ಲಿ ಹೇಳಿಬಿಡಿ.

ಪಿತ್ರಾರ್ಜಿತ ಜಮೀನೂ ಇದ್ದು ಅವಿಭಕ್ತ ಕುಟುಂಬದ ಹಿರಿಯರು ನೋಡಿಕೊಳ್ಳುತ್ತಿದ್ದರೆ ಮೈನರಿನ ಆ ಅವಿಭಕ್ತ ಹಕ್ಕಿಗೆ ಗಾರ್ಡಿಯನ್ ನೇಮಿಸುವಂತಿಲ್ಲ, 1956ರ ಹಿಂದೂ ಗಾರ್ಡಿಯನ್‌ಶಿಪ್ ಕಾಯ್ದೆಯ 12ನೇ ಕಲಂ. ಷೆಡ್ಯೂಲಿಗೆ ಅದನ್ನು ತುರುಕಬೇಡಿ.

ಎಲ್‌ಐಸಿಗೆ ಕೋರ್ಟಿಗೆ ಓಡುವ ಮೊದಲು ಪಾಲಿಸಿ ಬಾಂಡ್ ತೆಗೆದು ನೋಡಿ. ನಾಮಿನಿ ಮೈನರಾಗಿದ್ದು, ಹಣ ಪಡೆಯಲು ಅಪಾಯಿಂಟಿ ಎಂದು ವಯಸ್ಕರೊಬ್ಬರ ಹೆಸರಿದ್ದರೆ ಅವರೇ ಪಡೆಯಬಹುದು, ಆದೇಶ ಬೇಕಿಲ್ಲ. ಅಪಾಯಿಂಟಿ ಜಾಗದಲ್ಲಿ ತಾಯಿಯ ಹೆಸರಿದ್ದು ಅವರೂ ಇಲ್ಲ ಎಂದಾದರೆ ಗಾರ್ಡಿಯನ್ ಆದೇಶ ಬೇಕು. ನಾಮಿನಿ ಹೆಂಡತಿಯಾಗಿದ್ದು, ಗಂಡನ ನಂತರ ಹಣ ಪಡೆಯುವ ಮೊದಲೇ ತೀರಿಕೊಂಡಿದ್ದರೆ ಆ ಹಣ ಹೆಂಡತಿಯ ವಾರಸುದಾರರಿಗೆ, ಅಂದರೆ ಮಕ್ಕಳಿಗೆ ಹೋಗುತ್ತದೆ. ಅಲ್ಲಿ ಸೈಟಿನ ಹಾಗೆ ಅಪ್ಪನ ತಾಯಿಯ ಪಾಲು ಬರುವುದಿಲ್ಲ. ಎಫ್‌ಡಿಯಲ್ಲಿ ಮಾತ್ರ ನಾಮಿನಿ ಎಂದರೆ ಹಣ ಪಡೆದು ವಾರಸುದಾರರಿಗೆ ತಲುಪಿಸಬೇಕಾದವರು, ಮಾಲೀಕರಲ್ಲ. ಅಲ್ಲಿ ಮತ್ತೆ ಎಂಟರ ಲೆಕ್ಕವೇ.

ಪಿಎಫ್ ಕಡೆ ಮೂರು ಬೇರೆ ಬೇರೆ ಹಣ ಇರುತ್ತದೆ: ಭವಿಷ್ಯನಿಧಿಯ ಮೊತ್ತಕ್ಕೆ ಫಾರಂ 20, ವಿಮೆಗೆ ಫಾರಂ 5-ಐಎಫ್, ಪಿಂಚಣಿಗೆ ಫಾರಂ 10-ಡಿ. ತಾಯಿಗೆ ವಿಧವಾ ಪಿಂಚಣಿ ಬರುತ್ತಿದ್ದರೆ ಅವರ ಮರಣದ ನಂತರ ಮಕ್ಕಳಿಗೆ ಅನಾಥ ಪಿಂಚಣಿ ಸಲ್ಲುತ್ತದೆ. ಪ್ರತಿ ಮಗುವಿಗೆ ವಿಧವಾ ಪಿಂಚಣಿಯ ಶೇ. 75, ತಿಂಗಳಿಗೆ ಕನಿಷ್ಠ 750 ರೂಪಾಯಿ, 25 ವರ್ಷ ತುಂಬುವವರೆಗೆ, ಏಕಕಾಲಕ್ಕೆ ಇಬ್ಬರಿಗೆ. ಮೊತ್ತ ತಾನಾಗಿ ಬದಲಾಗುವುದಿಲ್ಲ, ಕೇಳಬೇಕು.

ಇನ್ನು ಆದೇಶದ ಒಕ್ಕಣೆ. "ಅರ್ಜಿದಾರರನ್ನು ಮೈನರುಗಳ ಆಸ್ತಿಗೆ ಗಾರ್ಡಿಯನ್ ಎಂದು ನೇಮಿಸಿದೆ" ಎಂದಷ್ಟೇ ಇದ್ದರೆ ಬ್ಯಾಂಕಿನ ಕೌಂಟರಿನಲ್ಲಿ "ನಮ್ಮ ಖಾತೆ ಇದರಲ್ಲಿ ಎಲ್ಲಿದೆ?" ಎನ್ನುತ್ತಾರೆ. ಅರ್ಜಿಯ ಕೋರಿಕೆಯಲ್ಲೇ ಶಾಖೆಯ ಹೆಸರು, ಎಫ್‌ಡಿ ಸಂಖ್ಯೆ, ಪಾಲಿಸಿ ಸಂಖ್ಯೆ, ಪಿಎಫ್ ಖಾತೆ ಸಂಖ್ಯೆ, ಸೈಟಿನ ಸಂಖ್ಯೆ ಮತ್ತು ಚಕ್ಕುಬಂದಿ ಬರೆಸಿ, ಆದೇಶದಲ್ಲೂ ಅವು ಬರುವಂತೆ ಕೇಳಿ. ಹೆಸರಿನ ಕಾಗುಣಿತ ಇನ್ನೊಂದು ತಲೆನೋವು. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರಿನಲ್ಲಿ ಇನಿಷಿಯಲ್ ಸೇರಿಸಿ ಇನ್ನೊಂದು, ಪಿಎಫ್ ದಾಖಲೆಯಲ್ಲಿ ತಂದೆಯ ಹೆಸರು ಮತ್ತೊಂದು ಬಗೆ. ಸರಿಪಡಿಸಲು ಆಗುವುದನ್ನು ಅರ್ಜಿಗೆ ಮೊದಲೇ ಸರಿಪಡಿಸಿ. ತೀರಿಕೊಂಡವರ ಹೆಸರಿನ ವ್ಯತ್ಯಾಸಕ್ಕೆ ಅರ್ಜಿಯಲ್ಲೇ "ಉರುಫ್" ಎಂದು ಎರಡೂ ಹೆಸರು ಹಾಕಿ, ಎರಡೂ ಒಬ್ಬರದ್ದೇ ಎಂದು ಅಫಿಡವಿಟ್ ಕೊಡಿ. ಆದೇಶ ಬಂದ ಮೇಲೆ ತಿದ್ದಿಸುವುದಕ್ಕಿಂತ ಇದು ಎಷ್ಟೋ ಸುಲಭ.

ಸೈಟು ಮಾರುವ ವಿಷಯ: ಗಾರ್ಡಿಯನ್ ಆದೇಶ ಎಂದರೆ ಮಾರುವ ಅನುಮತಿ ಅಲ್ಲ. 29ನೇ ಕಲಂ ಪ್ರಕಾರ ಮಾರುವುದು, ಅಡವಿಡುವುದು, ದಾನ, ವಿನಿಮಯ, 5 ವರ್ಷ ಮೀರಿದ ಗುತ್ತಿಗೆ, ಇವೆಲ್ಲಕ್ಕೂ ಮೊದಲೇ ಕೋರ್ಟಿನ ಅನುಮತಿ ಬೇಕು. ಕೋರ್ಟ್ ಅನುಮತಿ ಕೊಡುವುದು ಅವಶ್ಯಕತೆಗೆ ಅಥವಾ ಮಗುವಿಗೆ ಸ್ಪಷ್ಟ ಲಾಭ ಇದ್ದಾಗ ಮಾತ್ರ. "ಓದಿನ ಖರ್ಚು" ಎಂದಷ್ಟೇ ಬರೆದರೆ ಸಾಲದು. ವರ್ಷಕ್ಕೆ ಶುಲ್ಕ ಎಷ್ಟು, ಎಫ್‌ಡಿ ಬಡ್ಡಿ ಮತ್ತು ಪಿಂಚಣಿಯಿಂದ ಎಷ್ಟು ಬರುತ್ತದೆ, ಕೊರತೆ ಎಷ್ಟು, ಸೈಟಿನ ಮಾರ್ಗಸೂಚಿ ಬೆಲೆ ಎಷ್ಟು, ಕೊಳ್ಳುವವರು ಕೊಡುವುದೆಷ್ಟು, ಉಳಿದ ಹಣ ಮಕ್ಕಳ ಹೆಸರಿನಲ್ಲಿ ಎಲ್ಲಿ ಇಡುತ್ತೀರಿ, ಇಷ್ಟೂ ಬೇಕು. ಅನುಮತಿ ಇಲ್ಲದೆ ಮಾರಿದರೆ 18 ತುಂಬಿದ ಮೇಲೆ 3 ವರ್ಷದೊಳಗೆ ಮಕ್ಕಳು ಆ ಕ್ರಯವನ್ನು ರದ್ದು ಮಾಡಿಸಬಹುದು. ಎಚ್ಚರವುಳ್ಳ ಖರೀದಿದಾರ ಅಂಥ ಸೈಟು ಮುಟ್ಟುವುದೇ ಇಲ್ಲ. ಅದೂ ಅಲ್ಲದೆ ಮಾರಬಹುದಾದ್ದು ಮಕ್ಕಳ ಪಾಲು ಮಾತ್ರ, ಅಪ್ಪನ ತಾಯಿ ಕೂಡ ಕ್ರಯಪತ್ರಕ್ಕೆ ಸಹಿ ಹಾಕಬೇಕು. ನನ್ನನ್ನು ಕೇಳಿದರೆ, ಅನಾಥ ಪಿಂಚಣಿ ಮತ್ತು ಎಫ್‌ಡಿ ಬಡ್ಡಿಯಲ್ಲಿ ಹೇಗೋ ನಡೆಯುವುದಾದರೆ ಸೈಟು ಮಕ್ಕಳಿಗೆ ಉಳಿಯಲಿ.

ನೇಮಕದ ನಂತರ ಕೋರ್ಟ್ ಕೇಳಿದರೆ ಜಾಮೀನು ಬಾಂಡ್ ಕೊಡಬೇಕು, 6 ತಿಂಗಳೊಳಗೆ ಆಸ್ತಿಯ ಪಟ್ಟಿ ಸಲ್ಲಿಸಬೇಕು, ಹೇಳಿದಾಗ ಲೆಕ್ಕ ಒಪ್ಪಿಸಬೇಕು. ಮಕ್ಕಳ ಹಣಕ್ಕೆ ಬೇರೆಯೇ ಖಾತೆ ಇಟ್ಟುಕೊಳ್ಳಿ. ಅಜ್ಜನ ಪಿಂಚಣಿ ಖಾತೆಗೆ ಮಕ್ಕಳ ಬಡ್ಡಿಯೂ ಬಂದು ಬಿದ್ದರೆ ವರ್ಷ ಕಳೆದ ಮೇಲೆ ಯಾವುದು ಯಾರದ್ದು ಎಂದು ಬಿಡಿಸಿ ತೋರಿಸಲು ಯಾರಿಂದಲೂ ಆಗದು.

ಹೊಂಗೆನೆರಳು

ಇಬ್ಬರಿಗೂ ತುಂಬಾ ಧನ್ಯವಾದ. ಅಪ್ಪನ ತಾಯಿಯ ಪಾಲಿನ ವಿಷಯ ನಮ್ಮ ಲೆಕ್ಕದಲ್ಲೇ ಇರಲಿಲ್ಲ. ವಯಸ್ಸಿನ ಪ್ರಶ್ನೆ ಉಳಿದಿದೆ. ಚಿಕ್ಕಪ್ಪನಿಗೆ ಒಳ್ಳೆಯ ಸಂಬಳ ಇದೆ, ಸ್ವಂತ ಮನೆ ಇದೆ. ಅವರು ಎದುರು ನಿಂತರೆ? ಮಕ್ಕಳನ್ನು ಕೋರ್ಟಿಗೆ ಕರೆದುಕೊಂಡು ಹೋಗಬೇಕಾಗುತ್ತದೆಯೇ?

ತಾಳೆಗರಿ

ವಯಸ್ಸು, ಸಂಬಳ ಎರಡೂ ಲೆಕ್ಕಕ್ಕೆ ಬರುತ್ತವೆ, ಆದರೆ ಅವೇ ನಿರ್ಣಾಯಕ ಅಲ್ಲ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇಂಥದೇ ಪ್ರಕರಣ ಬಂದಿತ್ತು. ಕೋವಿಡ್‌ನಲ್ಲಿ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡ ಸಣ್ಣ ಹುಡುಗ. ಒಂದು ಕಡೆ 71 ವರ್ಷದ ಅಜ್ಜ, 63 ವರ್ಷದ ಅಜ್ಜಿ, ಇಬ್ಬರೂ ತಂದೆಯ ಕಡೆಯವರು. ಇನ್ನೊಂದು ಕಡೆ ಸರ್ಕಾರಿ ನೌಕರಿಯ, ಮದುವೆಯಾಗದ, ಕೂಡುಕುಟುಂಬದಲ್ಲಿರುವ ತಾಯಿಯ ಸೋದರಿ. ಗುಜರಾತ್ ಹೈಕೋರ್ಟ್ ಸುಪರ್ದಿಯನ್ನು ಅವರಿಗೆ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಅದನ್ನು ಬದಲಿಸಿ ಅಜ್ಜ-ಅಜ್ಜಿಗೆ ಕೊಟ್ಟಿತು. ವಯಸ್ಸು, ಆದಾಯ, ಕುಟುಂಬದ ಗಾತ್ರ ಇವಷ್ಟನ್ನೇ ಅಳತೆಗೋಲು ಮಾಡಿಕೊಳ್ಳಬಾರದು ಎಂಬುದು ಅದರ ನಿಲುವು.

17ನೇ ಕಲಂ ಹೇಳುವುದು ಮಗುವಿನ ವಯಸ್ಸು, ಲಿಂಗ, ಧರ್ಮ, ಗಾರ್ಡಿಯನ್ ಆಗುವವರ ನಡತೆ ಮತ್ತು ಸಾಮರ್ಥ್ಯ, ರಕ್ತಸಂಬಂಧದ ಹತ್ತಿರ, ತೀರಿಕೊಂಡ ತಂದೆ-ತಾಯಿಯ ಇಚ್ಛೆ, ಮತ್ತು ಮಗುವಿನೊಂದಿಗೆ ಈವರೆಗಿನ ಒಡನಾಟ. ಕೊನೆಯದರಲ್ಲಿ ನಿಮ್ಮ ಕೈ ಮೇಲಿದೆ. ಅದನ್ನು ಮಾತಿನಲ್ಲಿ ಹೇಳದೆ ದಾಖಲೆಯಲ್ಲಿ ತೋರಿಸಿ: ಪೋಷಕರ ಸಭೆಗೆ ಯಾರು ಸಹಿ ಹಾಕಿದ್ದಾರೆ, ಶುಲ್ಕದ ರಸೀದಿ ಯಾರ ಹೆಸರಿನಲ್ಲಿದೆ, ಲಸಿಕೆ ಕಾರ್ಡು, ವೈದ್ಯರ ಚೀಟಿ. ಅಜ್ಜ-ಅಜ್ಜಿಯ ಆರೋಗ್ಯ ತಪಾಸಣೆ ವರದಿ ಮೊದಲೇ ಇಟ್ಟುಕೊಂಡರೆ ಪಾಟಿ ಸವಾಲಿನಲ್ಲಿ ತಡಬಡಾಯಿಸಬೇಕಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದರೆ ಮುಚ್ಚಿಡಬೇಡಿ. ನಿಯಂತ್ರಣದಲ್ಲಿದೆ ಎಂಬ ಚೀಟಿ ಸಾಕು.

ಮಗು ಬುದ್ಧಿಪೂರ್ವಕವಾಗಿ ಇಷ್ಟ ಹೇಳುವಷ್ಟು ದೊಡ್ಡದಾಗಿದ್ದರೆ ಕೋರ್ಟ್ ಅದನ್ನು ಪರಿಗಣಿಸಬಹುದು. 12 ವರ್ಷದ ಹುಡುಗಿಯನ್ನು ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಮಾತನಾಡಿಸುವ ಸಾಧ್ಯತೆ ಹೆಚ್ಚು. ದಯವಿಟ್ಟು ಏನನ್ನೂ ಹೇಳಿಕೊಡಬೇಡಿ. ಚಿಕ್ಕಪ್ಪನ ಬಗ್ಗೆ ದೊಡ್ಡವರ ಬಾಯಲ್ಲಿ ಬರುವ ಮಾತುಗಳು ಮಗುವಿನ ಬಾಯಲ್ಲಿ ಹಾಗೇ ಬಂದರೆ ನ್ಯಾಯಾಧೀಶರಿಗೆ ತಕ್ಷಣ ತಿಳಿಯುತ್ತದೆ, ಅದು ನಿಮಗೇ ತಿರುಗುಬಾಣ. ಅದಕ್ಕಿಂತ ಮುಖ್ಯ, ಅಪ್ಪ-ಅಮ್ಮನನ್ನು ಕಳೆದುಕೊಂಡ ಮಗುವಿನ ಮೇಲೆ ಆ ಭಾರ ಹೊರಿಸಬಾರದು.

ಅಪ್ಪನ ಕಡೆಯವರಿಗೆ ರಜೆಯಲ್ಲಿ, ಹಬ್ಬದಲ್ಲಿ ಮಕ್ಕಳನ್ನು ನೋಡುವ ಅವಕಾಶ ಕೊಡುತ್ತೇವೆ ಎಂದು ನೀವೇ ಮುಂದಾಗಿ ಅರ್ಜಿಯಲ್ಲಿ ಬರೆಯಿರಿ. ಅವರೂ ಮಗನನ್ನು ಕಳೆದುಕೊಂಡವರು. ಎಷ್ಟೋ ತಕರಾರು ಈ ಒಂದು ಪ್ಯಾರಾದಿಂದ ಮಧ್ಯಸ್ಥಿಕೆ ಹಂತದಲ್ಲೇ ಕರಗುತ್ತದೆ.

ಮಳೆಬಿಲ್ಲು

ಇದೇ ಎಳೆಯಲ್ಲಿ ಕೇಳುತ್ತಿದ್ದೇನೆ, ಕ್ಷಮಿಸಿ. ತಾಯಿ ಇಲ್ಲ, ತಂದೆ ಇದ್ದಾರೆ, ಮರುಮದುವೆ ಆಗಿದೆ. 8 ವರ್ಷದ ಮಗು 4 ವರ್ಷದಿಂದ ತಾಯಿಯ ತಂದೆ-ತಾಯಿ ಬಳಿ ಇದೆ. ತಂದೆ ಖರ್ಚಿಗೂ ಕೊಡುವುದಿಲ್ಲ, ಕರೆದುಕೊಂಡು ಹೋಗುವುದೂ ಇಲ್ಲ. ಇಲ್ಲಿಯೂ ಇದೇ ಅರ್ಜಿಯೇ?

ಕಟಕಟೆ

ಇಲ್ಲ, ಇದು ಬೇರೆ ದಾರಿ. 19ನೇ ಕಲಂ ಅಡ್ಡ ಬರುತ್ತದೆ: ತಂದೆ ಅಥವಾ ತಾಯಿ ಬದುಕಿದ್ದು, ಅವರು ಅನರ್ಹರು ಎಂದು ಕೋರ್ಟಿಗೆ ಅನಿಸದಿದ್ದರೆ ಬೇರೆಯವರನ್ನು ಮಗುವಿನ ಶರೀರಕ್ಕೆ ಗಾರ್ಡಿಯನ್ ಮಾಡುವಂತಿಲ್ಲ. ಮೊದಲು ಅಲ್ಲಿ ತಂದೆಯ ಹೆಸರಷ್ಟೇ ಇತ್ತು, 2010ರ ತಿದ್ದುಪಡಿಯಲ್ಲಿ ತಾಯಿಯೂ ಸೇರಿದರು. ಮರುಮದುವೆ ಎಂಬುದೊಂದೇ ಅನರ್ಹತೆ ಆಗದು. ಅರ್ಜಿಯಲ್ಲಿ ಅದನ್ನೇ ದೊಡ್ಡದು ಮಾಡಿ ಬರೆದು ಸೋಲುವವರು ಬಹಳ. ಬರೆಯಬೇಕಾದ್ದು ನಾಲ್ಕು ವರ್ಷದ ನಿರ್ಲಕ್ಷ್ಯ: ಹಣ ಕೊಡದಿರುವುದು, ನೋಡಲು ಬಾರದಿರುವುದು, ಶಾಲೆ-ಆಸ್ಪತ್ರೆಯ ಯಾವ ದಾಖಲೆಯಲ್ಲೂ ಇಲ್ಲದಿರುವುದು. ಅವುಗಳ ಪುರಾವೆ ಕೊಡಬೇಕು.

ಸಾಮಾನ್ಯವಾಗಿ ಇಂಥ ಕಡೆ ಗಾರ್ಡಿಯನ್‌ಶಿಪ್ ಜೊತೆಗೆ ಪರ್ಯಾಯವಾಗಿ ಸುಪರ್ದಿಯನ್ನೂ ಕೇಳುವುದು ಜಾಣತನ. ಗಾರ್ಡಿಯನ್ ಪಟ್ಟ ತಂದೆಯಲ್ಲೇ ಉಳಿದರೂ ಮಗು ಅಜ್ಜ-ಅಜ್ಜಿಯ ಬಳಿ ಇರಲು ಆದೇಶ ಸಿಗಬಹುದು. 1956ರ ಹಿಂದೂ ಗಾರ್ಡಿಯನ್‌ಶಿಪ್ ಕಾಯ್ದೆಯ 13ನೇ ಕಲಂ ಪ್ರಕಾರ ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮೇಲು. 2008ರಲ್ಲಿ ಸುಪ್ರೀಂ ಕೋರ್ಟ್ ಒಂದು ಮಗುವನ್ನು ತಾಯಿಯ ತಂದೆ-ತಾಯಿಗೇ ಬಿಟ್ಟಿತು. ಅಲ್ಲಿ ತಾಯಿಯ ಸಾವಿನ ವಿಷಯದಲ್ಲಿ ತಂದೆಯ ಮೇಲೆಯೇ ಕ್ರಿಮಿನಲ್ ಕೇಸು ಇತ್ತು, ಮಗುವೂ ಅಜ್ಜ-ಅಜ್ಜಿಯ ಜೊತೆ ಇರುತ್ತೇನೆ ಎಂದಿತ್ತು. ಆದರೆ 2019ರಲ್ಲಿ, ತಾಯಿ ಕಾಯಿಲೆಯಿಂದ ತೀರಿಕೊಂಡು ಮಗು ತಾಯಿಯ ಒಡಹುಟ್ಟಿದವರ ಬಳಿ ಇದ್ದಾಗ, ತಂದೆ ಹೇಬಿಯಸ್ ಕಾರ್ಪಸ್ ಅರ್ಜಿಯಲ್ಲೇ (ಅಕ್ರಮವಾಗಿ ಇಟ್ಟುಕೊಂಡವರನ್ನು ಹಾಜರುಪಡಿಸಿ ಎಂದು ಕೇಳುವ ಅರ್ಜಿ) ಮಗುವನ್ನು ಪಡೆದದ್ದನ್ನು ಅದೇ ಕೋರ್ಟ್ ಎತ್ತಿಹಿಡಿಯಿತು. ಮಗುವನ್ನು ನೋಡಿಕೊಳ್ಳಲು ಸಿದ್ಧನಾಗಿ ಬಂದು ನಿಂತ ತಂದೆಯ ಎದುರು ಅಜ್ಜ-ಅಜ್ಜಿಯ ಪ್ರೀತಿಯೊಂದೇ ಸಾಲುವುದಿಲ್ಲ ಎಂಬುದನ್ನು ಮೊದಲೇ ಮನಸ್ಸಿಗೆ ತಂದುಕೊಂಡಿರಬೇಕು.

ತಂದೆ ಒಪ್ಪಿದರೂ ಬರೀ ಒಪ್ಪಿಗೆ ಪತ್ರ ಸಾಲದು, ಕೋರ್ಟ್ ಮುಂದೆ ಬಂದು ಹೇಳಲಿ. ವಿಳಾಸ ಸಿಗದಿದ್ದರೆ ಗೊತ್ತಿರುವ ಕೊನೆಯ ವಿಳಾಸಕ್ಕೆ ನೋಟಿಸ್ ಕಳಿಸಿ, ಅದು ವಾಪಸ್ ಬಂದ ಮೇಲೆ ಪತ್ರಿಕಾ ಪ್ರಕಟಣೆಗೆ ಅನುಮತಿ ಕೇಳಬೇಕು. ಕಾಣೆಯಾಗಿದ್ದಾರೆ ಎಂದು ಬರೆದು ನೋಟಿಸ್ ತಪ್ಪಿಸುವಂತಿಲ್ಲ.

ಖರ್ಚಿನ ವಿಷಯಕ್ಕೆ ಗಾರ್ಡಿಯನ್ ಆದೇಶದವರೆಗೆ ಕಾಯಬೇಕಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ರಡಿ, ಮಗುವಿನ ಪರವಾಗಿ ಅಜ್ಜ-ಅಜ್ಜಿ ತಂದೆಯಿಂದ ಜೀವನಾಂಶ ಕೇಳಬಹುದು.

ದಫ್ತರ

ಎರಡು ಮಾತು ಸೇರಿಸುತ್ತೇನೆ. ತಂದೆ-ತಾಯಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಪ್ರಕರಣಗಳಲ್ಲಿ ಪರಿಹಾರದ ಅರ್ಜಿಗೆ ಗಾರ್ಡಿಯನ್ ಆದೇಶ ಬರಲಿ ಎಂದು ಕೂರಬೇಡಿ. ಅಜ್ಜ ಮಗುವಿನ ನೆಕ್ಸ್ಟ್ ಫ್ರೆಂಡ್ (ಮೈನರಿನ ಪರವಾಗಿ ಕೇಸು ನಡೆಸುವವರು) ಆಗಿ ಹಾಕಬಹುದು. 2022ರ ಏಪ್ರಿಲ್ 1ರಿಂದ ಜಾರಿಯಾದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಅಪಘಾತದ ದಿನದಿಂದ 6 ತಿಂಗಳ ಗಡುವು ಹಾಕಿದೆ.

ದತ್ತು ತೆಗೆದುಕೊಂಡರೆ ಸುಲಭವಲ್ಲವೇ ಎಂದು ಬಹಳ ಜನ ಕೇಳುತ್ತಾರೆ. 1956ರ ಹಿಂದೂ ದತ್ತಕ ಕಾಯ್ದೆಯಲ್ಲಿ ಗಂಡು ಮಗುವನ್ನು ದತ್ತು ಪಡೆಯುವವರಿಗೆ ಮಗ, ಮಗನ ಮಗ ಬದುಕಿರಬಾರದು. ತಂದೆಯ ತಂದೆ ತನ್ನ ಮೊಮ್ಮಗನನ್ನು ದತ್ತು ಪಡೆಯಲು ಹೊರಟರೆ ಆ ಮೊಮ್ಮಗನೇ ಅಡ್ಡಿ. ಮಗಳ ಮಗನಿಗೆ ಈ ತೊಡಕಿಲ್ಲ, ಆದರೆ ಅವರಿಗೆ ಗಂಡು ಮಗ ಇದ್ದರೆ ಮತ್ತೆ ಅದೇ ತಡೆ. ಮಗುವಿಗೆ 15 ತುಂಬಿರಬಾರದು. ತಂದೆ-ತಾಯಿ ಇಬ್ಬರೂ ಇಲ್ಲದಿದ್ದರೆ ದತ್ತು ಕೊಡುವುದಕ್ಕೂ ಗಾರ್ಡಿಯನ್ ಬೇಕು, ಅವರಿಗೆ ಕೋರ್ಟಿನ ಅನುಮತಿಯೂ ಬೇಕು. ಹೊಂಗೆನೆರಳು ಅವರ ಪ್ರಕರಣಕ್ಕೆ ಗಾರ್ಡಿಯನ್‌ಶಿಪ್ಪೇ ಸರಿ.

ತಾಳೆಗರಿ

ಮುಸ್ಲಿಂ ಕುಟುಂಬದವರು ಇದನ್ನು ಓದುತ್ತಿದ್ದರೆ: ಹನಫಿ ಪದ್ಧತಿಯಲ್ಲಿ ತಂದೆ, ತಂದೆ ವಿಲ್‌ನಲ್ಲಿ ಹೆಸರಿಸಿದವರು, ಆಮೇಲೆ ತಂದೆಯ ತಂದೆ, ಈ ಕ್ರಮದಲ್ಲಿ ಆಸ್ತಿಗೆ ಕಾನೂನಿನ ಗಾರ್ಡಿಯನ್ ಆಗುತ್ತಾರೆ. ಹಾಗಾಗಿ ತಂದೆಯ ಕಡೆಯ ಅಜ್ಜನ ಸ್ಥಾನ ಅಲ್ಲಿ ಬೇರೆ. ಸಣ್ಣ ಮಗುವಿನ ಪಾಲನೆಗೆ ತಾಯಿಯ ನಂತರ ತಾಯಿಯ ತಾಯಿಗೆ ಮೊದಲ ಸ್ಥಾನ. ತಕರಾರು ಬಂದು ಕೋರ್ಟಿಗೆ ಹೋದರೆ ಅಲ್ಲಿಯೂ ಮಗುವಿನ ಕ್ಷೇಮವನ್ನೇ ನೋಡುತ್ತಾರೆ.

ವಕೀಲರ ಶುಲ್ಕದ ಚಿಂತೆ ಇರುವವರಿಗೆ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಪ್ರಕಾರ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯದ ಮಿತಿ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಅಜ್ಜಿಯನ್ನು ಅರ್ಜಿದಾರರನ್ನಾಗಿ ಮಾಡಲು ಇದೂ ಒಂದು ಕಾರಣ. ಕೋರ್ಟ್ ಆವರಣದಲ್ಲೇ ಇರುವ ತಾಲ್ಲೂಕು ಅಥವಾ ಜಿಲ್ಲಾ ಕಾನೂನು ಸೇವೆಗಳ ಕಚೇರಿಗೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಆದಾಯ ತೀರಾ ಕಡಿಮೆ ಇರುವ ಮನೆಗಳಲ್ಲಿ ಮಿಷನ್ ವಾತ್ಸಲ್ಯ ಎಂಬ ಸರ್ಕಾರಿ ಮಕ್ಕಳ ಯೋಜನೆಯ ಪ್ರಾಯೋಜಕತ್ವ ಹಣವೂ ಇದೆ, ತಿಂಗಳಿಗೆ ಮಗುವೊಂದಕ್ಕೆ 4,000 ರೂಪಾಯಿ. ವಾರ್ಷಿಕ ಆದಾಯ ಮಿತಿ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಬೇಕು.

ಹೊಂಗೆನೆರಳು

ಕೊನೆಯದೊಂದು. ಅರ್ಜಿ ಹಾಕಿ ಆದೇಶ ಬರುವ ಮಧ್ಯೆ ಯಾರಾದರೂ ಮಕ್ಕಳನ್ನು ಶಾಲೆಯಿಂದಲೇ ಕರೆದುಕೊಂಡು ಹೋದರೆ? ಆದೇಶ ಬಂದ ಮೇಲೆ ಊರು ಬದಲಿಸಬಹುದೇ?

ಕಟಕಟೆ

ಮುಖ್ಯ ಅರ್ಜಿಯ ಜೊತೆಯಲ್ಲೇ 1890ರ ಕಾಯ್ದೆಯ 12ನೇ ಕಲಮಿನಡಿ ಮಧ್ಯಂತರ ಅರ್ಜಿ ಹಾಕಿಬಿಡಿ: ಮಕ್ಕಳನ್ನು ಈಗಿರುವ ಮನೆಯಿಂದ ಸ್ಥಳಾಂತರಿಸಬಾರದು, ಆಸ್ತಿ ಪರಭಾರೆ ಆಗಬಾರದು ಎಂದು. ಆ ಆದೇಶದ ದೃಢೀಕೃತ ನಕಲನ್ನು ಶಾಲೆಯ ಮುಖ್ಯಸ್ಥರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಬ್ಯಾಂಕಿಗೂ ಒಂದು ಕೊಡಿ. ನೇಮಕವಾದ ಮೇಲೆ ಯಾರಾದರೂ ಕರೆದೊಯ್ದರೆ 25ನೇ ಕಲಮಿನಡಿ ಮಗುವನ್ನು ಮರಳಿಸಲು ಅದೇ ಕೋರ್ಟನ್ನು ಕೇಳಬಹುದು.

ಊರು ಬದಲಿಸುವುದಕ್ಕೆ ಮೊದಲು ಅನುಮತಿ ಬೇಕು. ಕೋರ್ಟ್ ನೇಮಿಸಿದ ಗಾರ್ಡಿಯನ್ ಆ ಕೋರ್ಟಿನ ವ್ಯಾಪ್ತಿಯಿಂದ ಹೊರಗೆ ಮಗುವನ್ನು ವಾಸಕ್ಕೆ ಒಯ್ಯುವಂತಿಲ್ಲ, 26ನೇ ಕಲಂ. ಹುಡುಗಿ ಇನ್ನು ಕೆಲವೇ ವರ್ಷದಲ್ಲಿ ಕಾಲೇಜಿಗೆ ಹೊರ ಜಿಲ್ಲೆಗೆ ಹೋಗಬಹುದು, ಆದ್ದರಿಂದ ಓದಿಗಾಗಿ ಹೊರಗೆ ಕಳಿಸುವ ಅನುಮತಿಯನ್ನು ಈಗಲೇ ಮುಖ್ಯ ಅರ್ಜಿಯ ಕೋರಿಕೆಯಲ್ಲಿ ಸೇರಿಸಿ. ಫ್ಯಾಮಿಲಿ ಕೋರ್ಟಿನ ಆದೇಶದ ಮೇಲೆ ಹೈಕೋರ್ಟಿಗೆ ಮೇಲ್ಮನವಿಗೆ 30 ದಿನ ಅವಕಾಶ ಇರುತ್ತದೆ. ದೃಢೀಕೃತ ನಕಲಿಗೆ ಆದೇಶ ಬಂದ ದಿನವೇ ಅರ್ಜಿ ಕೊಡಿ, ನಾಲ್ಕು ಪ್ರತಿ ತೆಗೆಯಿರಿ. ಬ್ಯಾಂಕು, ಎಲ್‌ಐಸಿ, ಪಿಎಫ್ ಮೂರೂ ಕಡೆ ಮೂಲ ದೃಢೀಕೃತ ಪ್ರತಿಯನ್ನೇ ಕೇಳಬಹುದು, ಒಂದು ಮನೆಯಲ್ಲಿರಲಿ.